ವೇತನವಿಲ್ಲದ ಹೊಣೆ: ನಮ್ಮ ಶಾಲೆಯ ಆಡಳಿತ ಸಮಿತಿಗಳು ನಡೆದು ಬಂದ ದಾರಿ

ಶತಮಾನೋತ್ಸವದ ಸಿದ್ಧತೆಗಾಗಿ ಕಚೇರಿಯ ಹಳೆಯ ಕಪಾಟನ್ನು ತೆರೆದಾಗ ಮೊದಲು ದೊರೆತವು ಹಾಜರಿ ಪುಸ್ತಕಗಳು, ಆಮೇಲೆ ದಾಖಲಾತಿ ರಿಜಿಸ್ಟರುಗಳು, ಎಲ್ಲಕ್ಕಿಂತ ಕೆಳಗೆ, ಗೆದ್ದಲು ಅಂಚನ್ನಷ್ಟೇ ತಿಂದು ಬಿಟ್ಟಿದ್ದ ಆಡಳಿತ ಸಮಿತಿಯ ನಡಾವಳಿ ಪುಸ್ತಕ. ಶಾಲೆಯ ಚರಿತ್ರೆಯೆಂದರೆ ಸಾಮಾನ್ಯವಾಗಿ ಗುರುಗಳ ಮತ್ತು ಹೆಸರು ಗಳಿಸಿದ ಹಳೆ ವಿದ್ಯಾರ್ಥಿಗಳ ಚರಿತ್ರೆ. ಅವರನ್ನು ಕುರಿತು ಈ ಸಂಚಿಕೆಯಲ್ಲಿ ಬೇರೆ ಲೇಖನಗಳಿವೆ. ಸಂಬಳ ಪಡೆಯದೆ, ತರಗತಿಯಲ್ಲಿ ಒಂದು ದಿನವೂ ಪಾಠ ಹೇಳದೆ ಶಾಲೆಯ ಬಾಗಿಲನ್ನು ತೆರೆದಿಟ್ಟವರನ್ನು ಕುರಿತು ಬರೆಯುವ ಕೆಲಸವನ್ನು ನಾವು ವಹಿಸಿಕೊಂಡೆವು.

ಶಾಲೆ ಹುಟ್ಟಿದಾಗ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಒಂದು ತಾಲೂಕು. ಅದಕ್ಕೂ ಮುಂಚೆ ಇಲ್ಲಿ ಇದ್ದದ್ದು ಐಗಳ ಮಠ. ಮಕ್ಕಳು ಹೊಯಿಗೆಯ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದ ಕಾಲ. 1920ರ ಮದರಾಸು ಪ್ರಾಥಮಿಕ ಶಿಕ್ಷಣ ಕಾಯಿದೆಯಂತೆ ಜಿಲ್ಲೆಗೊಂದು ಶಿಕ್ಷಣ ಮಂಡಳಿ ಏರ್ಪಟ್ಟಿತು. ಖಾಸಗಿ ಶಾಲೆಗಳಿಗೆ ಮಾನ್ಯತೆ ಮತ್ತು ಸಹಾಯಧನಗಳ ವ್ಯವಹಾರ ಅದರ ಕೈಗೆ ಬಂತು. ಮಾನ್ಯತೆ ಬೇಕಾದರೆ ಕಟ್ಟಡ ಬೇಕು, ಲೆಕ್ಕಪತ್ರ ಬೇಕು, ಉತ್ತರ ಕೊಡಬಲ್ಲ ಒಬ್ಬ ವ್ಯವಸ್ಥಾಪಕ ಬೇಕು. ಊರಿನ ನಾಲ್ಕಾರು ಮಂದಿ ಸೇರಿ ಸಮಿತಿ ಮಾಡಿಕೊಂಡು, ತಮ್ಮೊಳಗಿನ ಒಬ್ಬರನ್ನು ವ್ಯವಸ್ಥಾಪಕರನ್ನಾಗಿ ಆರಿಸಿದ್ದು ಈ ಅಗತ್ಯದಿಂದ.

ಆ ಸಮಿತಿಯ ಕೆಲಸವೆಂದರೆ ಮುಖ್ಯವಾಗಿ ಮಾಡಿನ ಕೆಲಸ. ಮುರಕಲ್ಲಿನ ಗೋಡೆ, ಮುಳಿಹುಲ್ಲಿನ ಮಾಡು. ಪತ್ತನಾಜೆ ಕಳೆದು ಮಳೆ ಹಿಡಿಯುವುದರೊಳಗೆ ಹೊಸ ಹುಲ್ಲು ಹೊದೆಸದಿದ್ದರೆ ಆ ವರ್ಷ ಪಾಠವಿಲ್ಲ. ನಡಾವಳಿಯಲ್ಲಿ ವರ್ಷ ವರ್ಷವೂ ಇದೇ ವಿಷಯ: ಹುಲ್ಲು ಯಾರದು, ಬಿದಿರು ಯಾರದು, ಆಳುಗಳಿಗೆ ಗಂಜಿ ಯಾರ ಮನೆಯಲ್ಲಿ. ಸಹಾಯಧನ ಬರಲು ತಡವಾದಾಗ ಅಧ್ಯಾಪಕರಿಗೆ ಅಕ್ಕಿ ಅಳೆದುಕೊಟ್ಟ ಲೆಕ್ಕವೂ ಇದೆ. ಶಿಕ್ಷಣದ ಗುರಿಗಳನ್ನು ಕುರಿತು ಒಂದು ವಾಕ್ಯವೂ ಇಲ್ಲದ ಆ ಪುಟಗಳನ್ನು ಓದಿ ನಮಗೆ ಮೊದಲು ಸ್ವಲ್ಪ ನಿರಾಸೆಯಾದದ್ದು ನಿಜ. ಎರಡನೆಯ ಸಲ ಓದುವಾಗ ಹಾಗೆನಿಸಲಿಲ್ಲ.

ಆದರೆ ಎಲ್ಲವನ್ನೂ ಹೊಗಳುವಂತಿಲ್ಲ. ಮೊದಲ ದಶಕಗಳಲ್ಲಿ ಕೆಲವು ಜಾತಿಗಳ ಮಕ್ಕಳನ್ನು ಜಗಲಿಯಲ್ಲಿ ಕುಳ್ಳಿರಿಸಿದ್ದುಂಟೆಂದು ಹಿರಿಯರು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಆ ಬಗ್ಗೆ ಸಮಿತಿ ತುಟಿ ಬಿಚ್ಚಿದ ಗುರುತು ನಡಾವಳಿಯಲ್ಲಿಲ್ಲ. ಮಾಡಿನ ಹುಲ್ಲಿಗೆ ಅಷ್ಟು ಪುಟ ಕೊಟ್ಟವರು ಇದಕ್ಕೆ ಒಂದು ಗೆರೆಯನ್ನೂ ಕೊಡಲಿಲ್ಲವೆಂಬುದನ್ನು ಈ ಸಂಚಿಕೆಯಲ್ಲಿ ಬರೆಯದೆ ಬಿಡುವುದು ಸರಿಯೆಂದು ನಮಗೆ ತೋರಲಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಸಂವಿಧಾನದ ಏಳನೆಯ ತಿದ್ದುಪಡಿ ಜಾರಿಗೆ ಬಂದದ್ದೂ ಅದೇ ದಿನ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುವ 350ಎ ವಿಧಿಯನ್ನು ಸೇರಿಸಿದ್ದು ಆ ತಿದ್ದುಪಡಿ. ವಿಧಿ ದೆಹಲಿಯಲ್ಲಿತ್ತು, ಸುತ್ತೋಲೆಗಳು ಮಲಯಾಳದಲ್ಲಿ ಬಂದವು. ಸಮಿತಿಯ ಸದಸ್ಯರಲ್ಲಿ ಮಲಯಾಳ ಓದಬಲ್ಲವರೊಬ್ಬರು ಸಂಜೆ ಶಾಲೆಗೆ ಬಂದು, ಸುತ್ತೋಲೆಗಳನ್ನು ಓದಿ ಹೇಳುತ್ತಿದ್ದರು. ಮುಖ್ಯೋಪಾಧ್ಯಾಯರು ಅದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಹಾಗೆ ಬರೆದ ಹಾಳೆಗಳ ಒಂದು ಕಟ್ಟು ಈಗಲೂ ನಮ್ಮಲ್ಲಿದೆ. ಸಮಿತಿಗೆ ಆ ಕೆಲಸವನ್ನು ಯಾವ ನಿಯಮವೂ ವಹಿಸಿರಲಿಲ್ಲ.

ಆಮೇಲೆ ಬಂದದ್ದು ಕೇರಳ ಶಿಕ್ಷಣ ಕಾಯಿದೆ. ಮಸೂದೆಯನ್ನು ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಕಳುಹಿಸಿದ್ದು, ನ್ಯಾಯಾಲಯವು 1958ರಲ್ಲಿ ಅಭಿಪ್ರಾಯ ನೀಡಿದ್ದು, ಕಾಯಿದೆ 1959ರ ಜೂನ್ 1ರಿಂದ ಜಾರಿಯಾದದ್ದು ಬಹುಮಂದಿ ಬಲ್ಲ ಸಂಗತಿ. ಶಾಲೆಯ ಮಟ್ಟಿಗೆ ಅದರ ಪರಿಣಾಮ ದೊಡ್ಡದು. ಅನುದಾನಿತ ಶಾಲೆಯ ಅಧ್ಯಾಪಕರಿಗೆ ಸರಕಾರವೇ ನೇರವಾಗಿ ಸಂಬಳ ಕೊಡತೊಡಗಿತು. ಅಕ್ಕಿ ಅಳೆಯುವ ಪ್ರಸಂಗ ಮುಗಿಯಿತು. ಅಧ್ಯಾಪಕರ ಬದುಕಿಗೆ ಘನತೆ ಬಂದದ್ದು ಆಗ. ವ್ಯವಸ್ಥಾಪಕರಿಗೆ ಉಳಿದವು ಕಟ್ಟಡದ ಹೊಣೆ ಮತ್ತು ಅರ್ಹರಾದವರನ್ನು ನೇಮಿಸುವ ಅಧಿಕಾರ.

ಈ ನೇಮಕಾತಿಯ ಅಧಿಕಾರವೇ ಕನ್ನಡ ಶಾಲೆಗೆ ಜೀವನಾಡಿ. ಕನ್ನಡವರಿಯದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ಕಳುಹಿಸಿದಾಗ ಗಡಿನಾಡಿನ ಮಕ್ಕಳೂ ಹೆತ್ತವರೂ ಬೀದಿಗಿಳಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಒಂದನೆಯ ತರಗತಿಯ ಮಗು ‘ಟೀಚರ್, ನೀರು ಕುಡಿಯಲಿಕ್ಕೆ ಹೋಗಲಾ?’ ಎಂದು ಕೇಳಿದರೆ ಅರ್ಥವಾಗದ ಅಧ್ಯಾಪಕರಿಂದ ಯಾವ ಪಾಠ ನಡೆದೀತು? ನಮ್ಮ ಸಮಿತಿಗಳು ಈ ವಿಷಯದಲ್ಲಿ ಒಮ್ಮೆಯೂ ಸಡಿಲಾಗಲಿಲ್ಲ. ಅನುದಾನಿತ ಶಾಲೆಗಳ ನೇಮಕಾತಿಯೆಂದಾಗ ಹಣದ ಮಾತೂ ಊರಲ್ಲಿ ಕೇಳಿಬರುವುದನ್ನು ನಾವು ಬಲ್ಲೆವು. ಅಂಥ ಮಾತು ಹುಟ್ಟದಂತೆ ಸಂದರ್ಶನದ ಅಂಕಗಳನ್ನು ನಡಾವಳಿಯಲ್ಲಿ ಬರೆದಿಡುವ ಪದ್ಧತಿಯನ್ನು ನಮ್ಮ ಹಿಂದಿನ ಸಮಿತಿಯೊಂದು ತಂದಿತು. ಅದು ಈಗಲೂ ನಡೆಯುತ್ತಿದೆ.

2009ರ ಶಿಕ್ಷಣ ಹಕ್ಕು ಕಾಯಿದೆಯೊಂದಿಗೆ ಶಾಲಾ ನಿರ್ವಹಣಾ ಸಮಿತಿ ಎಂಬ ಇನ್ನೊಂದು ಸಮಿತಿ ಬಂತು. ರಕ್ಷಕ-ಶಿಕ್ಷಕ ಸಂಘ ಇರುವಾಗ ಇದು ಬೇರೆ ಏಕೆಂದು ಹೆತ್ತವರು ನಮ್ಮನ್ನು ಕೇಳುವುದುಂಟು. ಇದರ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ಹೆತ್ತವರು ಅಥವಾ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂಬುದು ಕಾಯಿದೆಯ ನಿಯಮ. 2012ರ ತಿದ್ದುಪಡಿಯ ಬಳಿಕ ಅಲ್ಪಸಂಖ್ಯಾತರ ಶಾಲೆಗಳಲ್ಲೂ ನಮ್ಮಂಥ ಅನುದಾನಿತ ಶಾಲೆಗಳಲ್ಲೂ ಇದಕ್ಕೆ ಸಲಹೆ ಕೊಡುವ ಅಧಿಕಾರವಷ್ಟೇ ಉಳಿದಿದೆ. ಮೊದಲ ನಡಾವಳಿ ಪುಸ್ತಕದ ಆದಿಯಿಂದ ಅಂತ್ಯದವರೆಗೆ ಹೆಂಗಸರ ಒಂದು ಸಹಿಯನ್ನೂ ನಾವು ಕಾಣಲಿಲ್ಲ. ಈಗಿನ ಪುಸ್ತಕದಲ್ಲಿ ತಾಯಂದಿರ ಸಹಿಗಳೇ ಹೆಚ್ಚು. ಅವರಲ್ಲಿ ಮನೆಯಲ್ಲಿ ತುಳು ಆಡುವವರಿದ್ದಾರೆ, ಮರಾಟಿ, ಕೊಂಕಣಿ, ಬ್ಯಾರಿ, ಮಲಯಾಳ ಆಡುವವರಿದ್ದಾರೆ. ಸಹಿ ಹಾಕುವುದು ಕನ್ನಡದಲ್ಲಿ. ಬಚ್ಚಲಿನ ನೀರಿನಿಂದ ಹಿಡಿದು ಮಧ್ಯಾಹ್ನದೂಟದ ಹೆಸರುಕಾಳಿನವರೆಗೆ ಅವರು ಕೊಡುವ ಸಲಹೆಯನ್ನು ತಳ್ಳಿಹಾಕುವ ಧೈರ್ಯ ಯಾವ ಮುಖ್ಯೋಪಾಧ್ಯಾಯಿನಿಗೂ ಇಲ್ಲ!

ಈಗಿನ ಸಮಿತಿಗಳ ಚಿಂತೆ ಮಾಡಿನದಲ್ಲ, ಮಕ್ಕಳದು. ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ತರಗತಿಗಳಲ್ಲಿ ಎಷ್ಟು ಮಕ್ಕಳಿದ್ದಾರೆಂಬ ಎಣಿಕೆಯ ಮೇಲೆ ಆ ವರ್ಷದ ಅಧ್ಯಾಪಕ ಹುದ್ದೆಗಳು ನಿಲ್ಲುತ್ತವೆ. ಆಂಗ್ಲ ಮಾಧ್ಯಮ ಶಾಲೆಗಳ ವಾಹನಗಳು ನಮ್ಮ ಗೇಟಿನೆದುರೇ ಮಕ್ಕಳನ್ನು ಹತ್ತಿಸಿಕೊಂಡು ಹೋಗುವ ಕಾಲವಿದು. ಅವರಲ್ಲಿ ನಮ್ಮ ಹಳೆ ವಿದ್ಯಾರ್ಥಿಗಳ ಮಕ್ಕಳೂ ಇದ್ದಾರೆ. ಕಳೆದ ಮೇ ತಿಂಗಳಲ್ಲಿ ಸಮಿತಿಯ ತಾಯಂದಿರು ಬಿಸಿಲಿನಲ್ಲಿ ಮನೆಮನೆ ಹತ್ತಿ ಇಳಿದರು, ನಾವೂ ಜೊತೆಗಿದ್ದೆವು. ಒಂದು ಮನೆಯಲ್ಲಿ, ನಿಮ್ಮ ಮಕ್ಕಳು ಎಲ್ಲಿ ಓದುವುದೆಂದು ಅವರನ್ನೇ ತಿರುಗಿ ಕೇಳಿದರು. ‘ಅಲ್ಲೇ, ಕನ್ನಡ ಶಾಲೆಯಲ್ಲೇ’ ಎಂದು ಎಲ್ಲರಿಗೂ ಹೇಳಲು ಸಾಧ್ಯವಾಯಿತು. ಆ ಮನೆಯ ಹುಡುಗಿ ಈಗ ಒಂದನೆಯ ತರಗತಿಯಲ್ಲಿದ್ದಾಳೆ. ನಡಾವಳಿ ಪುಸ್ತಕಕ್ಕೆ ಹೊಸ ರಟ್ಟು ಹಾಕಿಸಿದ್ದೇವೆ. ಮುಂದಿನ ಸಭೆ ಬರುವ ತಿಂಗಳ ಮೊದಲ ಶನಿವಾರ ಅಪರಾಹ್ನ ಎರಡೂವರೆಗೆ.