ದಂಡಿನ ಶಿಸ್ತು, ನಮ್ಮನೆ ಬೆಳಗು

ಹೋದ ಸಲ ಮಾವಿನಕಾಯಿ ಉಪ್ಪಿನಕಾಯಿ ಬಗ್ಗೆ ಬರೆದಿದ್ದೆ. ಈ ಸಲ ಸ್ವಲ್ಪ ಚರಿತ್ರೆ ಬರೀತೀನಿ. ನಾನು ಓದಿದ್ದು ಪಿ.ಯು.ಸಿ. ತನಕ ಅಷ್ಟೇ. ಆದ್ರೆ ಶಿವಾಜಿನಗರಕ್ಕೆ ಸೊಸೆಯಾಗಿ ಬಂದು ಮೂವತ್ತು ವರ್ಷದ ಮೇಲಾಯ್ತು. ನಾವಿರೋ ಜಾಗದ ಕತೆ ನಾವೇ ಹೇಳದಿದ್ರೆ ಇನ್ಯಾರು ಹೇಳ್ತಾರೆ?

ಶುರುವಾಗಿದ್ದು ಹೀಗೆ. ನಮ್ಮ ಮೈದುನನ ಮಗಳಿಗೆ ಸೈನ್ಯದ ಮಿಲಿಟರಿ ಪೊಲೀಸ್ ಸೇರೋ ಆಸೆ. ಅದಕ್ಕೆ 1.6 ಕಿಲೋಮೀಟರು ಓಡಬೇಕು, ಅದೂ ಅವರು ಹೇಳಿದ ನಿಮಿಷದೊಳಗೆ. ಮೊದಲನೇ ಸಲ ಹೋದವಳು ತಡವಾಗಿ ಗೆರೆ ಮುಟ್ಟಿ, ಸೋತು ಮನೆಗೆ ಬಂದಳು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಒಬ್ಬೊಬ್ಬರದೂ ಒಂದೊಂದು ಮಾತು. "ನಿಂಗೆ ಶಿಸ್ತಿಲ್ಲ ಕಣೇ" ಅಂತ ಅವರಪ್ಪ. "ದಂಡಿನೋರನ್ನ ನೋಡಿ ಕಲಿ" ಅಂತ ನಮ್ಮತ್ತೆ. ನಾನೂ ಹೌದು ಅಂತ ತಲೆ ಆಡಿಸಿದೆ. ಹುಡುಗಿ ಎಲ್ಲರ ತಟ್ಟೆ ಎತ್ತಿ ತೊಳೆದಿಟ್ಟು, ಒಂದು ಮಾತೂ ಆಡದೆ ಒಳಗೆ ಹೋದಳು.

ನನಗೆ ನಿದ್ದೆ ಬರಲಿಲ್ಲ. ದಂಡಿನೋರ ಶಿಸ್ತು ಅಂತ ಇಷ್ಟು ವರ್ಷ ಹೇಳ್ಕೊಂಡು ಬಂದಿದ್ದೀವಲ್ಲ, ಆ ಶಿಸ್ತು ಹೇಗೆ ಬಂತು ಅಂತ ಯಾವತ್ತಾದ್ರೂ ಕೇಳಿದ್ದೀವಾ ಅನ್ನಿಸ್ತು. ಮಾರನೇ ದಿನದಿಂದ ಸಿಕ್ಕಿದ್ದು ಓದೋಕೆ ಶುರು ಮಾಡಿದೆ.

ಈಗ ಕಂಟೋನ್ಮೆಂಟ್ ಅಂತೀವಿ, ಹಳಬರ ಬಾಯಲ್ಲಿ ಅದು ದಂಡು. 1799ರಲ್ಲಿ ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಸತ್ತ ಮೇಲೆ ಬ್ರಿಟಿಷರ ಪಡೆ ಶ್ರೀರಂಗಪಟ್ಟಣದಲ್ಲೇ ಬೀಡು ಬಿಟ್ಟಿತ್ತು. ಅಲ್ಲಿ ಸೊಳ್ಳೆ ಕಾಟ, ಜ್ವರ. ಸಿಪಾಯಿಗಳು ಹಾಸಿಗೆ ಹಿಡಿಯೋದು ಹೆಚ್ಚಾಯ್ತು. ಹಾಗಾಗಿ 1809ರಲ್ಲಿ ತಂಪು ಹವೆ ಅಂತ ಬೆಂಗಳೂರಿಗೆ ದಂಡು ತಂದರು. ನೋಡಿ, ಎಷ್ಟೇ ಕವಾಯತು ಮಾಡಿಸಿದ್ರೂ ಇರೋ ಜಾಗ ಸರಿಯಿಲ್ಲದಿದ್ರೆ ಮೈ ನಿಲ್ಲಲ್ಲ ಅಂತ ಸೈನ್ಯದೋರಿಗೇ ಗೊತ್ತಾಗಿತ್ತು. "ನಿಮಗೆ ಶಿಸ್ತಿಲ್ಲ" ಅಂತ ಬೈದು ಸುಮ್ಮನಾಗಲಿಲ್ಲ, ಜಾಗಾನೇ ಬದಲಾಯಿಸಿದ್ರು.

ಆಮೇಲೆ ಬಂದೋರು ನಮ್ಮ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್, ಅಂದ್ರೆ ಈಗಿನ ಎಂ.ಇ.ಜಿ. ಈ ಪಡೆ ಹುಟ್ಟಿದ್ದು 1780ರಲ್ಲಿ ಮದ್ರಾಸಿನಲ್ಲಿ, ಬೆಂಗಳೂರಿಗೆ ಬಂದಿದ್ದು 1834ರಲ್ಲಿ. ಇವರನ್ನ ಪ್ರೀತಿಯಿಂದ ತಂಬಿಗಳು ಅಂತಾರೆ. ಸೇತುವೆ ಕಟ್ಟೋದು, ದಾರಿ ಮಾಡೋದು, ಶತ್ರುಗಳು ಹೂತಿಟ್ಟ ನೆಲಬಾಂಬು ತೆಗೆಯೋದು ಇವರ ಕೆಲಸ. ಮುಳ್ಳುತಂತಿ ಬೇಲಿ ಸಿಡಿಸೋಕೆ ಉದ್ದ ಕೊಳವೆಯೊಳಗೆ ಮದ್ದು ತುಂಬೋ ಉಪಾಯ 1912ರಲ್ಲಿ ಇಲ್ಲೇ ಈ ಪಡೆಯ ಒಬ್ಬ ಅಧಿಕಾರಿ ಕಂಡುಹಿಡಿದಿದ್ದು. ಅದಕ್ಕೇ ಅದರ ಹೆಸರು ಬೆಂಗಳೂರು ಟಾರ್ಪಿಡೊ. ಎರಡನೇ ಮಹಾಯುದ್ಧದಲ್ಲಿ, 1944ರ ಫೆಬ್ರವರಿ 24ರಂದು, ಇದೇ ಪಡೆಯ ಸುಬೇದಾರ್ ಸುಬ್ರಮಣ್ಯಂ ಇಟಲಿಯಲ್ಲಿ ಜೊತೆಯವರನ್ನ ಉಳಿಸೋಕೆ ಸಿಡಿಯೋ ಬಾಂಬಿನ ಮೇಲೆ ತಾವೇ ಬಿದ್ದು ಪ್ರಾಣ ಕೊಟ್ಟರು. ಜಾರ್ಜ್ ಕ್ರಾಸ್ ಪಡೆದ ಮೊದಲ ಭಾರತೀಯ ಅವರು. ಓದುವಾಗ ಕಣ್ಣು ತುಂಬಿ ಬಂತು.

ಅಂಥ ಎದೆ ಒಂದು ದಿನದಲ್ಲಿ ಬರಲ್ಲ. ನಾವು ಕೂಸಿಗೆ ಅನ್ನ ರೂಢಿ ಮಾಡಿಸೋ ಹಾಗೇ ಅದು. ಮೊದಲು ಗಂಜಿ, ಆಮೇಲೆ ಮೆತ್ತಗಿನ ಅನ್ನ, ಆಮೇಲೆ ಸಾರನ್ನ. ಹೊಸದಾಗಿ ಸೇರಿದ ಹುಡುಗನಿಗೂ ದಿನಾ ಅದೇ ಹೊತ್ತಿಗೆ ಏಳೋದು, ಅದೇ ಹೊತ್ತಿಗೆ ಮಲಗೋದು, ಓಟ ಇವತ್ತಿಷ್ಟು, ಬರೋ ವಾರ ಇನ್ನಷ್ಟು. ನಡುನಡುವೆ ಬಿಡುವು. ಮೈ ಗಟ್ಟಿಯಾಗೋದು ದಣಿದಾಗಲ್ಲ, ದಣಿದ ಮೇಲೆ ತಿಂದು ಮಲಗಿದಾಗ. ಅದಕ್ಕಿಂತ ದೊಡ್ಡ ವಿಷಯ ಒಂದಿದೆ. ಓಡಿ ಬಂದ ತಂಬಿ ತಿಂಡಿ ಮಾಡೋಕೆ ಹೋಗಲ್ಲ. ಅಡುಗೆಗೆ ಬೇರೆ ಜನ ಇದ್ದಾರೆ. ಅವನು ತನ್ನ ತರಬೇತಿ ನೋಡ್ಕೊಂಡ್ರೆ ಸಾಕು.

ಇನ್ನೊಬ್ಬರ ಕತೆ ಕೇಳಿ. ವಿನ್‌ಸ್ಟನ್ ಚರ್ಚಿಲ್ ಹೆಸರು ಕೇಳಿರ್ತೀರ. ಇಪ್ಪತ್ತೆರಡು ವಯಸ್ಸಿಗೆ ಬರೋ ಮುಂಚೆಯೇ, 1896ರಲ್ಲಿ, ಕುದುರೆ ದಂಡಿನ ಆಫೀಸರಾಗಿ ಇದೇ ಬೆಂಗಳೂರಿಗೆ ಬಂದಿದ್ರು. ಬೆಳಗ್ಗೆ ಪೆರೇಡು, ಸಂಜೆ ಪೋಲೋ. ತಾನು ಕಾಲೇಜು ಓದಿಲ್ಲ ಅನ್ನೋ ಕೊರಗಿತ್ತು ಅವರಿಗೆ. ತಾಯಿಗೆ ಹೇಳಿ ಇಂಗ್ಲೆಂಡಿಂದ ಪುಸ್ತಕ ತರಿಸ್ಕೊಂಡು, ದಿನಾ ನಾಲ್ಕೈದು ಗಂಟೆ ಚರಿತ್ರೆ ಓದ್ತಾ ಕೂತ್ರಂತೆ. ಅವರು ಮುಂದೆ ದೊಡ್ಡ ಬರಹಗಾರರಾಗೋಕೆ ಬುನಾದಿ ಬಿದ್ದಿದ್ದು ಆ ಮಧ್ಯಾಹ್ನಗಳಲ್ಲೇ. ಎಂಥ ಶಿಸ್ತು ಅಂತ ಹೊಗಳೋಣ, ತಪ್ಪಿಲ್ಲ.

ಆದ್ರೆ ಆ ಬಂಗಲೆಯ ಸಂಸಾರ ಹೇಗಿತ್ತು ಅಂತಾನೂ ಅವರೇ ಬರೆದಿದ್ದಾರೆ. ಇದ್ದೋರು ಮೂರು ಜನ ಆಫೀಸರು. ಒಬ್ಬೊಬ್ಬರಿಗೂ ಒಬ್ಬ ಬಟ್ಲರು, ಬಟ್ಟೆ ತೊಡಿಸೋಕೆ ಹುಡುಗರು, ಕುದುರೆ ನೋಡ್ಕೊಳ್ಳೋ ಜನ. ಮೂವರಿಗೂ ಸೇರಿ ಇಬ್ಬರು ಮಾಲಿಗಳು, ಚರ್ಮದ ಚೀಲದಲ್ಲಿ ನೀರು ಹೊರೋ ಭಿಸ್ತಿಗಳು ಮೂವರು, ಧೋಬಿಗಳು ನಾಲ್ವರು, ಒಬ್ಬ ಕಾವಲುಗಾರ. ಅದನ್ನ ಓದಿ ನನಗೆ ನಗೂ ಬಂತು, ಸಂಕಟಾನೂ ಆಯ್ತು. ನೀರು ಹೊರೋರು ಮೂರು ಜನ, ಬಟ್ಟೆ ಒಗೆಯೋರು ನಾಲ್ಕು ಜನ ಇದ್ರೆ ನಾನೂ ನಾಲ್ಕು ಗಂಟೆ ಓದ್ತಿದ್ದೆ ಕಣ್ರೀ! ಆ ನಾಲ್ವರು ಧೋಬಿಗಳ ಮನೆ ಹೆಂಗಸರು ಎಷ್ಟು ಗಂಟೆಗೆ ಎದ್ದು ಒಲೆ ಹಚ್ಚಿದ್ರು ಅಂತ ಅದರಲ್ಲಿಲ್ಲ. ಶಿವಾಜಿನಗರದಂಥ ಜಾಗಗಳು ಬೆಳೆದಿದ್ದೇ ದಂಡಿಗೆ ಹೊಲಿದು, ಒಗೆದು, ಹೊತ್ತು, ಮಾರಿ. ಅವರ ಶಿಸ್ತಿಗೆ ಹೊತ್ತು ಒದಗಿಸಿದ್ದು ನಮ್ಮಂಥ ಮನೆಯೋರೇ.

ಇದನ್ನ ಓದಿದ ದಿನ ಸಂಜೆ ಹುಡುಗಿಯನ್ನ ಕೇಳಿದೆ, "ನಿನ್ನ ಓಟದ ಲೆಕ್ಕ ಇಟ್ಟಿದ್ದೀಯೇನೇ?" ಅಂತ. ಒಂದು ನೋಟ್‌ಬುಕ್ ತಂದುಕೊಟ್ಟಳು. ಮೂವತ್ತು ದಿನದಲ್ಲಿ ಓಡಿದ್ದು ಹದಿಮೂರೇ ದಿನ. ಉಳಿದ ದಿನಕ್ಕೆ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಸಣ್ಣಗೆ ಬರೆದಿದ್ದಳು: ನೀರು ಬಂತು. ಅಜ್ಜಿಗೆ ಆಸ್ಪತ್ರೆ. ನೆಂಟರು. ಹಬ್ಬದ ಕ್ಲೀನಿಂಗು. ದೊಡ್ಡಮ್ಮನಿಗೆ ಮಂಡಿನೋವು, ತಿಂಡಿ ನಾನು. ಆ ದೊಡ್ಡಮ್ಮ ನಾನೇ. ಅವಳ ಅಣ್ಣ ಜಿಮ್ಮಿಗೆ ಹೋಗೋನು. ಎರಡು ವರ್ಷದಲ್ಲಿ ಒಂದು ದಿನ ಆದ್ರೂ ನೀರು ಹಿಡಿಯೋಕೆ ಅವನನ್ನ ಕರೆದ ನೆನಪು ನನಗಿಲ್ಲ.

"ಯಾಕೆ ಹೇಳಲಿಲ್ಲ?" ಅಂದೆ.

"ಹೇಳಿದ್ರೆ ನೆಪ ಅಂತಿದ್ರಿ, ದೊಡ್ಡಮ್ಮ" ಅಂದಳು.

ನಿಜ. ಅಂದೇ ಅಂತಿದ್ದೆ.

ನಿಮಗೊಂದು ವಿಷಯ ಗೊತ್ತಾ? ನಮ್ಮ ಸೈನ್ಯಕ್ಕೆ, ಡಾಕ್ಟರು ನರ್ಸುಗಳ ವಿಭಾಗ ಬಿಟ್ಟು ಬೇರೆ ವಿಭಾಗಗಳಿಗೂ, ಹೆಂಗಸರು 1992ರಿಂದ ಆಫೀಸರಾಗಿ ಬಂದಿದ್ರೂ, ಜವಾನರಾಗಿ ಮೊದಲ ತಂಡ ಸೇರಿದ್ದು 2021ರ ಮೇ 8ಕ್ಕೆ, ಇದೇ ಬೆಂಗಳೂರಿನ ಮಿಲಿಟರಿ ಪೊಲೀಸ್ ತರಬೇತಿ ಕೇಂದ್ರದಿಂದ. 83 ಹುಡುಗಿಯರು, 61 ವಾರದ ತರಬೇತಿ. ಕೊರೋನಾ ಕಾಲ, ಪೆರೇಡು ಸರಳವಾಗೇ ನಡೀತು. ಆ ಹುಡುಗಿಯರ ಗಟ್ಟಿತನ ಅವರದೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ 61 ವಾರ ಅವರಿಗೆ ಹೊತ್ತೊತ್ತಿಗೆ ಊಟ ಸಿಕ್ತು, ಜೊತೆಗೆ ಓಡೋ ಗೆಳತಿಯರಿದ್ರು, ಬೆಳಗಿನ ಹೊತ್ತು ಅವರದ್ದೇ ಆಗಿತ್ತು. ನಮ್ಮ ಹುಡುಗಿಗೆ ನಾವು ಒಂದು ವಾರಾನೂ ಹಾಗೆ ಬಿಟ್ಟುಕೊಟ್ಟಿರಲಿಲ್ಲ.

ಓರಗಿತ್ತಿ ಜೊತೆ ಕೂತು ಮಾತಾಡಿದೆ. ಆಮೇಲೆ ಗಂಡಸರನ್ನೂ ಕೂರಿಸಿದ್ವಿ. ನೀರು ಹಿಡಿಯೋದು ಅವಳ ಅಣ್ಣನ ಪಾಲಿಗೆ. ಹಾಲು ತಂದು ಕಾಫಿ ಮಾಡೋದು ನಮ್ಮನೆಯೋರ ಪಾಲಿಗೆ. ಮೊದಲ ವಾರ ಎರಡು ಸಲ ಹಾಲು ಉಕ್ಕಿ ಒಲೆಯೆಲ್ಲಾ ರಾಡಿ, ನಾನು ಬಾಯಿ ಬಿಡಲಿಲ್ಲ. ತಿಂಡಿಗೆ ಹಿಂದಿನ ರಾತ್ರಿಯೇ ತಯಾರಿ. ಐದೂವರೆಯಿಂದ ಏಳರ ತನಕ ಅವಳನ್ನ ಯಾರೂ ಕರೆಯಬಾರದು. ಅತ್ತೆ ಗೊಣಗಿದ್ರು. "ನಮ್ಮ ಕಾಲದಲ್ಲಿ ನಮಗೆ ಯಾರು ಬಿಟ್ಟಿದ್ರು?" ಅಂದ್ರು. "ಯಾರೂ ಬಿಡಲಿಲ್ಲ ಅತ್ತೆ, ಅದಕ್ಕೇ" ಅಂದೆ. ಆಮೇಲೆ ಅವರೇನೂ ಅನ್ನಲಿಲ್ಲ.

ಅವಳು ಒಬ್ಬಳೇ ಹೋಗೋದು ಬೇಡ ಅಂತ ನಾನೂ ಹಲಸೂರು ಕೆರೆ ದಂಡೆಗೆ ಜೊತೆ ಹೋಗೋಕೆ ಶುರು ಮಾಡಿದೆ. ಅವಳು ಓಡ್ತಾಳೆ, ನಾನು ನಡೀತೀನಿ. ಮೊದಲ ದಿನ ಹತ್ತು ನಿಮಿಷಕ್ಕೇ ಕೂತ್ಕೊಂಡೆ. ವಾರಕ್ಕೆ ಎರಡೆರಡು ನಿಮಿಷ ಜಾಸ್ತಿ ಮಾಡಿದೆ, ಭಾನುವಾರ ರಜೆ. ಈಗ ಮುಕ್ಕಾಲು ಗಂಟೆ ನಡೀತೀನಿ. ಮಂಡಿನೋವು ಪೂರ್ತಿ ಹೋಗಿಲ್ಲ, ಆದ್ರೆ ಮೆಟ್ಟಿಲು ಹತ್ತುವಾಗ ಗೋಡೆ ಹಿಡ್ಕೊಳ್ಳೋದು ಬಿಟ್ಟಿದ್ದೀನಿ.

ಎರಡನೇ ಸಲ ಅವಳು ಓಟ ಪಾಸಾದಳು. ಕೊನೇ ಪಟ್ಟಿಯಲ್ಲಿ ಮಾತ್ರ ಹೆಸರಿರಲಿಲ್ಲ. ಅವತ್ತು ಅತ್ತಳು, ನಾವೂ ಅತ್ವಿ. ಮಾರನೇ ದಿನ ಐದೂಕಾಲಿಗೆ ನಾನು ಹಾಸಿಗೆಯಲ್ಲೇ ಇದ್ದೆ, ಇವತ್ತು ಏಳಲ್ಲ ಬಿಡು ಅಂತ. ಅಡುಗೆಮನೆಯಿಂದ ಪಾತ್ರೆ ಸದ್ದು. ನಮ್ಮನೆಯೋರು ಹಾಲಿಗೆ ಹೊರಟಿದ್ರು, ಹುಡುಗಿ ಷೂ ದಾರ ಕಟ್ತಾ ಇದ್ದಳು. ಈಗ ಪೊಲೀಸ್ ಕೆಲಸಕ್ಕೂ ಅರ್ಜಿ ಹಾಕಿದ್ದಾಳೆ.

ನಿಮ್ಮ ಮನೆಯಲ್ಲೂ "ಶಿಸ್ತಿಲ್ಲ" ಅಂತ ಬೈಸಿಕೊಳ್ಳೋ ಹುಡುಗಿ ಇದ್ರೆ, ಅವಳ ಬೆಳಗಿನ ಹೊತ್ತು ಯಾರ ಕೈಯಲ್ಲಿದೆ ಅಂತ ಒಂದು ವಾರ ಬರೆದಿಟ್ಟು ನೋಡಿ. ನಿಮ್ಮದನ್ನೂ ಬರೀರಿ. ಹಲಸೂರು ಕೆರೆ ಕಡೆ ಬರೋರು ಇದ್ರೆ ಫೋನ್ ಮಾಡಿ, ಐದೂವರೆಗೆ ನಮ್ಮ ಬಾಗಿಲಲ್ಲಿ ಕಾಯ್ತಿರ್ತೀನಿ.