ಎಳ್ಳಿನ ತಟ್ಟೆಗೆ ಕಡಲೆಕಾಯಿ ಬಂದ ದಾರಿ

ಸಂಕ್ರಾಂತಿಯ ಎಳ್ಳು-ಬೆಲ್ಲ ಅನಾದಿ ಕಾಲದ್ದು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಬೀರುವ ಎಳ್ಳನ್ನು ಅಂಗೈಯಲ್ಲಿ ಹರಡಿಕೊಂಡು ನೋಡಿದರೆ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದರಲ್ಲಿರುವುದು ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ. ಎಳ್ಳಿನ ಹಳಮೆಯ ಬಗ್ಗೆ ತಕರಾರಿಲ್ಲ; ಹರಪ್ಪದ ಅಗೆತದಲ್ಲೇ ಅದರ ಸುಟ್ಟ ಕಾಳು ಸಿಕ್ಕಿದೆ. ಕಡಲೆಕಾಯಿ ಮಾತ್ರ ದಕ್ಷಿಣ ಅಮೆರಿಕದ ಬೆಳೆ. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಇತ್ತ ಬಂದದ್ದು, ದಕ್ಷಿಣದ ಹೊಲಗಳಲ್ಲಿ ದೊಡ್ಡದಾಗಿ ಹರಡಿದ್ದು 19ನೇ ಶತಮಾನದಲ್ಲಿ. ಹೀಗಿದ್ದೂ ಬಸವನಗುಡಿಯ ಬಸವ ಕೆಂಪೇಗೌಡರ ಕಾಲದಲ್ಲೇ ಕಡಲೆಕಾಯಿ ಹೊಲಕ್ಕೆ ನುಗ್ಗುತ್ತಿದ್ದನಂತೆ. ಕತೆ ಚೆನ್ನಾಗಿದೆ, ಕಡಲೆಕಾಯಿ ಪರಿಷೆಯ ದಿನ ಇಸವಿ ಕೇಳುವವರು ಯಾರು?

ಎಳ್ಳಿನ ಜೊತೆ ಕೊಡುವ ಸಕ್ಕರೆ ಅಚ್ಚಂತೂ ಇನ್ನೂ ಈಚಿನದಾಗಿರಬೇಕು, ಕನಿಷ್ಠ ಎಲ್ಲರ ಮನೆಯ ಪದಾರ್ಥವಾಗಿ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ಒಂದು ಮನೆತನ ಬಹಳ ಬಿಳಿಯ ಸಕ್ಕರೆ ಮಾಡುತ್ತಿತ್ತು, ಅದು ಅರಮನೆಯ ಬಳಕೆಗೆ ಹೋಗುತ್ತಿತ್ತು ಎಂದು ಬರೆದಿಟ್ಟಿದ್ದಾನೆ. ಉಳಿದವರಿಗೆ ಸಿಹಿ ಎಂದರೆ ಬೆಲ್ಲವೇ. ಶ್ರೀರಂಗಪಟ್ಟಣದ ಹತ್ತಿರದ ಪಾಲಹಳ್ಳಿಯಲ್ಲಿ ರೈತರ ಬೆಲ್ಲ ಕೊಂಡು ಸಕ್ಕರೆ ಮಾಡುವ ಅಷ್ಟಗ್ರಾಮ ಕಾರ್ಖಾನೆ ಶುರುವಾದದ್ದು 1847ರಲ್ಲಿ. ಕನ್ನಂಬಾಡಿಯ ನಾಲೆ ನೀರಿನಿಂದ ಕಬ್ಬು ಹಬ್ಬಿ, ಮಂಡ್ಯದ ಮೈಷುಗರ್ ಹುಟ್ಟಿದ್ದು 1933ರಲ್ಲಿ. ಹಾಲು ಹಾಕಿ ಕೊಳೆ ತೆಗೆದು, ಶೋಧಿಸಿ, ಹದವಾಗಿ ಕಾಯಿಸಿದ ಪಾಕವನ್ನು ನೆನೆಸಿಟ್ಟ ಮರದ ಅಚ್ಚುಗಳಿಗೆ ಸುರಿದು ಆನೆ, ಗಿಣಿ, ತುಳಸಿಕಟ್ಟೆಗಳನ್ನು ತೆಗೆಯುವುದು ಬೆಳ್ಳಗಿನ ಸಕ್ಕರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕಾಲದ ಕಲೆ. ಅರಮನೆಯ ತಿನಿಸು ಮಕ್ಕಳ ತಟ್ಟೆಗೆ ಇಳಿಯಲು ನೂರು ವರ್ಷಕ್ಕೂ ಮಿಕ್ಕಿ ಹಿಡಿದಿರಬೇಕೆಂದು ಇದರಿಂದ ಊಹಿಸಬಹುದು.

ಇಷ್ಟು ಹೊಸ ಪದಾರ್ಥಗಳನ್ನು ಒಂದು ಹಬ್ಬ ಗೊಣಗದೆ ಒಳಗೆ ಬಿಟ್ಟುಕೊಂಡದ್ದು ಹೇಗೆ? ಎಳ್ಳಿಗೆ ಇನ್ನೊಂದು ಮುಖವಿದೆ, ಶ್ರಾದ್ಧದ್ದು. ಅಲ್ಲಿ ಎಳ್ಳು ಬಿಡುವಾಗ ದರ್ಭೆ, ದಿಕ್ಕು, ಬೆರಳು ಎಲ್ಲಕ್ಕೂ ಲೆಕ್ಕ. ಸಂಪ್ರದಾಯಸ್ಥ ಮನೆಗಳಲ್ಲಿ ಆ ದಿನದ ಅಡಿಗೆಗೆ ಇವತ್ತಿಗೂ ಹಸಿಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊ ಬರುವಂತಿಲ್ಲ. ಖಾರಕ್ಕೆ ಕರಿಮೆಣಸೇ ಗತಿ. ಹೊಸ ಜಗತ್ತಿನ ಬೆಳೆಗಳನ್ನು ಅಷ್ಟು ಕಟ್ಟುನಿಟ್ಟಾಗಿ ಹೊರಗಿಟ್ಟ ಅದೇ ಮನೆ, ಅದೇ ಜಗತ್ತಿನ ಕಡಲೆಕಾಯಿಯನ್ನು ಎಳ್ಳಿಗೆ ಬೆರೆಸಿ ಊರಿಗೆಲ್ಲ ಹಂಚುತ್ತದೆ. ನನ್ನ ವಾದ ಇಷ್ಟೇ: ಒಂದು ಎಳ್ಳು ಪುರೋಹಿತರ ಕೈಯಲ್ಲಿತ್ತು, ಇನ್ನೊಂದು ಮಕ್ಕಳ ಕೈಯಲ್ಲಿತ್ತು. ಎಳ್ಳು-ಬೆಲ್ಲದಲ್ಲಿ ಒಲೆಯ ಕೆಲಸ ಹುರಿಯುವುದಷ್ಟೇ. ಮಿಕ್ಕದ್ದು ಕಡಲೆಬೀಜದ ಸಿಪ್ಪೆ ಉಜ್ಜಿ ಊದುವುದು, ಬೇಳೆ ಬಿಡಿಸುವುದು, ಕೊಬ್ಬರಿಯ ಕಂದು ಬೆನ್ನು ಹೆರೆದ ಮೇಲೆ ಸಣ್ಣಗೆ ಹೆಚ್ಚುವುದು, ಹೆಚ್ಚಿದ್ದನ್ನು ಬಿಸಿಲಿಗೆ ಹರಡಿ ಕಾಗೆ ಕಾಯುವುದು. ಗಟ್ಟಿ ಬೆಲ್ಲಕ್ಕೆ ಅಡಕತ್ತರಿ ಹಿಡಿಯುವಷ್ಟು ಬೆಳೆದವರೂ ಪುಟ್ಟವರೂ ಒಂದೇ ಮೊರದ ಸುತ್ತ ಕೂರಬಹುದು. ತಪ್ಪಿದರೆ ದೋಷವಿಲ್ಲ, ಮುರಿದದ್ದು ಬಾಯಿಗೆ. ಇಂಥ ಕೆಲಸದೊಳಕ್ಕೆ ರುಚಿಯಾದ ಹೊಸ ಕಾಳೊಂದು ನುಸುಳಿದರೆ ತಡೆಯುವವರಿಲ್ಲ; ಬಣ್ಣದ ಜೀರಿಗೆ ಪೆಪ್ಪರಮೆಂಟು ಬಂದದ್ದೂ ಹೀಗೆಯೇ ಇರಬೇಕು.

ಇದನ್ನು ನಡೆಸುವವರು ಹೆಂಗಸರು, ಮಕ್ಕಳು ಹೊತ್ತು ತಿರುಗುವವರು ಮಾತ್ರ ಎನ್ನಬಹುದು. ಹುರಿಯುವ ಹದವೂ ಪಾಕದ ಎಳೆಯೂ ಅಮ್ಮಂದಿರದೇ, ನಿಜ. ಹೊಸ ಮದುವಣಗಿತ್ತಿ ಎಳ್ಳು ಬೀರುವ ಶಾಸ್ತ್ರವೂ ಉಂಟು. ಉತ್ತರ ಕರ್ನಾಟಕದ ಕುಸುರೆಳ್ಳಿನಲ್ಲಿ ಇದು ಇನ್ನೂ ಸ್ಪಷ್ಟ: ಸಣ್ಣ ಉರಿಯ ಮೇಲೆ ಎಳ್ಳಿಗೆ ಹನಿಹನಿಯಾಗಿ ಪಾಕ ಹಾಕಿ ಮುಳ್ಳೆಬ್ಬಿಸುವುದು ಹುಡುಗರ ತಾಳ್ಮೆಗೆ ನಿಲುಕುವುದಲ್ಲ. ಆದರೂ ಅದನ್ನು ಹಿರಿಯರ ಕೈಗಿಟ್ಟು ಕಾಲಿಗೆರಗುವವರು ಚಿಕ್ಕವರೇ. ಕೊಡುವ ಗಳಿಗೆ ಅವರದು. ಚಳಿಗಾಲಕ್ಕೆ ಎಳ್ಳಿನ ಜಿಡ್ಡು, ಬೆಲ್ಲದ ಕಾವು ಬೇಕೆಂಬ ವೈದ್ಯದ ವಿವರಣೆಯನ್ನೂ ಕೆಲವರು ಮುಂದಿಡುತ್ತಾರೆ. ಮೈಗೆ ಒಳ್ಳೆಯದಾದರೆ ಮನೆಯಲ್ಲೇ ತಿನ್ನಬಹುದಿತ್ತಲ್ಲ? ಪಕ್ಕದ ಮನೆಗೆ ಒಂದು ಬಟ್ಟಲು ಕೊಟ್ಟು, ಹೆಚ್ಚು ಕಡಿಮೆ ಅದನ್ನೇ ಅವರಿಂದ ಇಸಿದುಕೊಂಡು ಬರುವುದಕ್ಕೆ ಆಯುರ್ವೇದದಲ್ಲಿ ಕಾರಣವಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಜಾತಿಯದು. ತಟ್ಟೆ ಹಿಡಿದ ಹುಡುಗಿ ಊರಿನ ಎಲ್ಲ ಬಾಗಿಲಿಗೂ ಹೋಗುತ್ತಿರಲಿಲ್ಲ. ಯಾವ ಬೀದಿಗೆ ತಿರುಗಬಾರದೆಂಬುದನ್ನೂ ಅವಳು ಅದೇ ಸಂಜೆ ಕಲಿಯುತ್ತಿದ್ದಳು. ಒಳ್ಳೆಯ ಮಾತಾಡಿ ಎಂದು ಹಾರೈಸುವ ಈ ಸಿಹಿಗೆ ಗಡಿಗಳಿದ್ದವು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಈ ಆಕ್ಷೇಪಣೆ ನನ್ನ ವಾದವನ್ನು ಕೆಡಿಸುವುದಿಲ್ಲ, ಅದರ ಅಳತೆ ಹೇಳುತ್ತದೆ: ಮಕ್ಕಳ ಕೈಗೆ ಬಿಟ್ಟದ್ದು ತಟ್ಟೆಯೊಳಗಿನದನ್ನು, ತಟ್ಟೆ ಹೋಗುವ ದಾರಿಯನ್ನು ದೊಡ್ಡವರು ಬಿಟ್ಟುಕೊಡಲಿಲ್ಲ. ಈಗ ಅಂಗಡಿಯ ಸಿದ್ಧ ಪೊಟ್ಟಣ ಬಂದ ಮೇಲೆ ಎರಡೂ ಅದಲುಬದಲಾಗಿವೆ. ಬೆರಕೆಯನ್ನು ಅಂಗಡಿಯವರು ತೀರ್ಮಾನಿಸುತ್ತಾರೆ. ಅಪಾರ್ಟ್‌ಮೆಂಟಿನ ಮಗು ಲಿಫ್ಟಿನಲ್ಲಿ ಹತ್ತಿ ಇಳಿದು, ಒಳಗಿರುವವರು ಯಾವ ಜನ ಎಂದು ತಿಳಿಯದೆಯೇ ಸಾಲಾಗಿ ಬೆಲ್ ಒತ್ತುತ್ತದೆ.