ಹೊಂಗನೂರು ಕೆರೆ ಏರಿ ಮೇಲೆ ಟೈಮ್ ಎಷ್ಟು?

ಇವತ್ತಿನ ಎಪಿಸೋಡ್ ನಮ್ಮೂರು ಹೊಂಗನೂರಿನ ಕೆರೆ ಏರಿ ಮೇಲಿಂದ. ಗಾಳಿ ಸದ್ದು ಬಂದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ನನ್ನ ಫೋನಿನಲ್ಲಿ ಈಗ ಸರಿಯಾಗಿ ಮಧ್ಯಾಹ್ನ 12. ಆದರೆ ಸೂರ್ಯ ಇನ್ನೂ ನೆತ್ತಿಗೆ ಬಂದಿಲ್ಲ. ಯಾಕಂದ್ರೆ ಫೋನ್ ತೋರಿಸೋದು 82.5 ಡಿಗ್ರಿ ಪೂರ್ವ ರೇಖಾಂಶದ ಟೈಮು, ಅದು ಹಾದುಹೋಗೋದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ. ನಮ್ಮ ಚನ್ನಪಟ್ಟಣ ಇರೋದು ಸುಮಾರು 77.2ರಲ್ಲಿ. ಡಿಗ್ರಿಗೆ 4 ನಿಮಿಷದ ಲೆಕ್ಕ ಹಾಕಿ: ಸರಾಸರಿ 21 ನಿಮಿಷದ ವ್ಯತ್ಯಾಸ. ನಮ್ಮ ಹಿರಿಯರ ಒಂದು ಗಳಿಗೆ 24 ನಿಮಿಷ. ಅಂದ್ರೆ ಹೆಚ್ಚುಕಮ್ಮಿ ಒಂದು ಗಳಿಗೆ ನಾವು ಸೂರ್ಯನಿಗಿಂತ ಮುಂದೆ ಓಡ್ತಿದ್ದೀವಿ.

ಇದು ಒಂದೇ ಸಲಕ್ಕೆ ಆಗಿದ್ದಲ್ಲ. 1880ರ ದಶಕದ ಆರಂಭದಲ್ಲಿ ಬೆಂಗಳೂರು–ಮೈಸೂರು ರೈಲು ಚನ್ನಪಟ್ಟಣದ ಮೇಲೆ ಓಡೋಕೆ ಶುರುವಾದಾಗ ದೇಶದ ರೈಲುಗಳಿಗೆಲ್ಲ ಮದ್ರಾಸ್ ಟೈಮ್ ಇತ್ತು. ಆಗ ಸ್ಟೇಷನ್ ಗಡಿಯಾರ ನಮ್ಮ ಬಿಸಿಲಿಗಿಂತ 12 ನಿಮಿಷ ಮುಂದೆ. 1906ರ ಜನವರಿ 1ಕ್ಕೆ ಭಾರತೀಯ ಪ್ರಮಾಣ ಸಮಯ ಬಂತು, ಇನ್ನೊಂದು 9 ನಿಮಿಷ ಸೇರಿತು.

ಇಲ್ಲಿ ಯಾರೂ ಗಲಾಟೆ ಮಾಡಿದ ಹಾಗಿಲ್ಲ. ಬಾಂಬೆ ಮಾತ್ರ ಸುಮ್ಮನಿರಲಿಲ್ಲ. ಅಲ್ಲಿನ ವ್ಯತ್ಯಾಸ 39 ನಿಮಿಷ. ಗಿರಣಿ ಕಾರ್ಮಿಕರಿಗೆ ಅಷ್ಟು ಬೇಗ ಹಾಸಿಗೆ ಬಿಟ್ಟು ಏಳಬೇಕಾದ ಪ್ರಶ್ನೆ. ಪ್ರತಿಭಟನೆ ಆಯ್ತು. ಕೊನೆಗೆ ಬಾಂಬೆ ಟೈಮ್ ಪೂರ್ತಿ ಹೋಗಿದ್ದು 1955ರಲ್ಲಿ! ಸ್ವಾತಂತ್ರ್ಯ ಬಂದು ಎಂಟು ವರ್ಷ ಆದ್ಮೇಲೆ, ನೋಡಿ.

ಇನ್ನು ಡೇಲೈಟ್ ಸೇವಿಂಗ್. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಮೊದಲು ಜರ್ಮನಿ, ಆಮೇಲೆ ಬ್ರಿಟನ್ ಶುರು ಮಾಡಿದವು. ಲಂಡನ್ನಿನಲ್ಲಿ ಬೇಸಿಗೆ ಹಗಲು 16 ಗಂಟೆ ದಾಟುತ್ತೆ, ಚಳಿಗಾಲದಲ್ಲಿ 8 ಗಂಟೆಯೂ ಇರಲ್ಲ. ಅಲ್ಲಿ ಗಡಿಯಾರ ತಿರುಗಿಸೋದಕ್ಕೆ ಅರ್ಥ ಇದೆ. ನಮ್ಮೂರಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕದಕ್ಕೂ ಒಂದೂವರೆ ಗಂಟೆ ಫರಕು, ಅಷ್ಟೇ. ಆದರೂ ಎರಡನೇ ಮಹಾಯುದ್ಧ ನಮ್ಮನ್ನೂ ಬಿಡಲಿಲ್ಲ. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ಬೇಸಿಗೆ ಚಳಿಗಾಲ ಅಂತ ನೋಡದೆ, ದೇಶದ ಗಡಿಯಾರ ಒಂದು ಗಂಟೆ ಮುಂದೆ. 21 ಹೋಗಿ 81 ನಿಮಿಷ. ಜನವರಿಯಲ್ಲಿ ಹೊತ್ತು ಹುಟ್ಟೋದು ಏಳೂ ಮುಕ್ಕಾಲಕ್ಕೆ! ಹೊಲದವರಿಗೆ ಏನೂ ಅನ್ನಿಸಿರಲ್ಲ, ಹಿಪ್ಪುನೇರಳೆ ಸೊಪ್ಪು ಕೊಯ್ಯೋಕೆ ಯಾರು ಗಡಿಯಾರ ನೋಡ್ತಾರೆ? ರೈಲು, ಆಫೀಸು, ಫ್ಯಾಕ್ಟರಿ ಹಿಡಿಯೋರಿಗೆ ಮಾತ್ರ ತೊಂದರೆ.

ನನಗೆ ಈ ಲೆಕ್ಕ ಹತ್ತಿದ್ದೇ ಅಮ್ಮನಿಂದ. ಅವಳು ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಬಸ್ಸು 6:10ಕ್ಕೆ, ಜನವರಿ ಕೊನೆಯಲ್ಲಿ ಇಲ್ಲಿ ಸೂರ್ಯ ಬರೋದು 6:47ರ ಹೊತ್ತಿಗೆ. ಈಗಲೂ ಕೆಲವರು ಗಡಿಯಾರ ಅರ್ಧ ಗಂಟೆ ಮುಂದಿಟ್ಟರೆ ಕರೆಂಟ್ ಉಳಿಯುತ್ತೆ ಅಂತಾರೆ. ನಾನು ಬಿ.ಕಾಂ ಓದಿದವನು, ಉಳಿತಾಯ ಅಂದ್ರೆ ಯಾರ ಖಾತೆಯಿಂದ ಅಂತ ಕೇಳ್ತೀನಿ. 2023ರಲ್ಲಿ ನಮ್ಮ ರಾಜ್ಯ ಫ್ಯಾಕ್ಟರಿ ಕಾಯ್ದೆ ತಿದ್ದಿ, ವಾರಕ್ಕೆ 48 ಗಂಟೆ ಮಿತಿ ಉಳಿಸಿಕೊಂಡೇ ದಿನಕ್ಕೆ 12 ಗಂಟೆವರೆಗಿನ ಪಾಳಿಗೆ ದಾರಿ ಮಾಡಿತು. ಅಂಥ ಪಾಳಿ ಬಂದರೆ ಅಮ್ಮ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ.

ಈ ಕೆರೆಯನ್ನ ಬೆಳಕಲ್ಲಿ ಅವಳು ನೋಡೋದು ಈಗಲೇ ಭಾನುವಾರ ಮಾತ್ರ. ಇವತ್ತು ಭಾನುವಾರ. ಬಟ್ಟೆ ಒಗೆಯೋಕೆ ಬಂದಿದ್ದಾಳೆ, ಕೂಗ್ತಿದ್ದಾಳೆ. ಬಕೆಟ್ ಹಿಡಿಬೇಕು, ಹೊರಟೆ.